ಮಗಳ ಮನೆಯ ಇಬ್ಬನಿ

ಎಷ್ಟು ತಿಕ್ಕಿ ತೊಳೆದರೂ ಪಕ್ಕದ ಮನೆಯ ಕಾಕಾನ ಉಗುರಿನ ಸಂದಿಯಲ್ಲಿ ಬಿಳಿ ಕಲ್ಲುಪುಡಿ ಉಳಿದೇ ಇರುತ್ತಿತ್ತು. ರಾವೂರಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುತ್ತಲೇ ಮುದುಕನಾದವನು. ಅಡುಗೆಕಟ್ಟೆಗೂ ಫರಸಿ, ದನದ ಗೋದಲಿಗೂ ಫರಸಿ. ಅದರಿಂದ ಆಗದ ಕೆಲಸವಿಲ್ಲ ಎಂದೇ ಅವನ ವಾದ.

ಅವನ ಒಬ್ಬಳೇ ಮಗಳು ಹತ್ತಿರದ ವಾಡಿ ಪಟ್ಟಣದಲ್ಲಿ ಕೆಲಸಕ್ಕಿದ್ದ ಕರಾವಳಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ, ಸಮುದ್ರದ ದಂಡೆಯ ಅವನ ಹಳ್ಳಿ ಸೇರಿದಳು. ಕಾಕಾ ಅಲ್ಲಿಗೆ ಹೋದಾಗಲೆಲ್ಲ ಕ್ಯಾನಿನಲ್ಲಿ ಇಲ್ಲಿಯ ನೀರು ಒಯ್ಯುತ್ತಿದ್ದ. ಹೆಣ್ಣು ಕೊಟ್ಟ ಮನೆಯಲ್ಲಿ ಹನಿ ನೀರೂ ಮುಟ್ಟಬಾರದೆಂಬುದು ಅವರ ಮನೆತನದ ಕಟ್ಟಳೆ. "ಅಪ್ಪ ಬರ್ತಾನ, ಪರದೇಶಿಯಂಗ ಕುಂತು ಹೋಗ್ತಾನ" ಎಂದು ಅವಳು ಫೋನಿನಲ್ಲಿ ಅತ್ತರೆ ನನಗೂ ಸಂಕಟವಾಗುತ್ತಿತ್ತು.

ಹೋದ ವರ್ಷ ಅವಳ ಬಾವಿಗೆ ಉಪ್ಪು ಏರಿತು. ಅಲ್ಲಿ ಗಾಳಿಯೇ ಒದ್ದೆ. ಬೆಳಗ್ಗೆ ತಗಡಿನ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುವುದನ್ನು ಕಾಕಾ ಕಂಡಿದ್ದ. ಅದನ್ನು ಹಿಡಿಯಲು ಹೊರಟವನು ಏನು ಒಯ್ದ ಹೇಳಿ? ನುಣ್ಣಗೆ ಉಜ್ಜಿದ ಫರಸಿ, ಅದೂ ಲಾರಿಯಲ್ಲಿ! ಅಂಗಳದಲ್ಲಿ ಓರೆಯಾಗಿ ಹಾಸಿ, ಕೆಳಗೆ ಕೊಡವಿಟ್ಟು ಕಾದ. ಕೊಡ ಒಣಗಿಯೇ ಇತ್ತು. ಹಗಲು ಕಾದ ಕಲ್ಲು ಬೆಳಗಿನವರೆಗೂ ಆರದು, ಬೆಚ್ಚಗಿನ ಕಲ್ಲಿನ ಮೇಲೆ ಇಬ್ಬನಿ ಕೂರದು. ಬೇಸಿಗೆಯಲ್ಲಿ ಫರಸಿಯ ಮಾಳಿಗೆ ಮೇಲೆ ಮಲಗಿ ಬೆನ್ನು ಸುಟ್ಟುಕೊಳ್ಳುವ ನಮಗೆ ಇದು ಗೊತ್ತಿಲ್ಲವೇ ಎಂದು ಫೋನಿನಲ್ಲಿ ಚೇಷ್ಟೆ ಮಾಡಿದೆ. "ಹೌದಲ್ಲವ್ವ, ಕಲ್ಲಿನ ಸಂಗಾಟ ಇದ್ದು ಇದ್ದು ತಲಿನೂ ಕಲ್ಲ ಆಗ್ಯಾದ" ಎಂದ.

ಆಮೇಲೆ ಕೆಳಗಿನ ಕಾವು ತಾಗದಂತೆ ಮಾಡಿನ ಮೇಲೆ ಥರ್ಮಾಕೋಲ್ ಹಾಸಿ, ಅದರ ಮೇಲೆ ಬೇಗ ಆರುವ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಚಿಗೆ ಪೈಪು ಕೂಡಿಸಿದ. ಮರುದಿನ ಕೊಡದಲ್ಲಿ ನೀರು. ಮಗಳು ಸೋಸಿ, ಕುದಿಸಿ, ಆರಿಸಿ ತಂಬಿಗೆಗೆ ತುಂಬಿದಾಗ ಕಾಕಾ ತಾನೇ ಕೈಚಾಚಿ ಇಸಿದುಕೊಂಡು ಗಟಗಟ ಕುಡಿದನಂತೆ. ಅವಳು ದಂಗಾಗಿ ನೋಡಿದರೆ, "ಬಾವಿ ಬೀಗರದು. ಗಾಳಿ ಯಾರದು?" ಎಂದನಂತೆ. ಇದನ್ನು ನನಗೆ ಹೇಳುವಾಗಲೂ ಅವಳು ಅಳುತ್ತಿದ್ದಳು.

ಈ ಚಳಿಗಾಲದಲ್ಲಿ ಕಾಕಾ ತೀರಿಕೊಂಡ. ಅವನ ಮನೆಯವರನ್ನು ಮಾತಾಡಿಸಲು ಚಿಂಚೋಳಿಯಿಂದ ನನ್ನ ಅಪ್ಪನೂ ಬಂದ, ಆಮೇಲೆ ನಮ್ಮಲ್ಲಿ ಕುಳಿತ. ಅಪ್ಪನೂ ಅದೇ ಕಟ್ಟಳೆಯವನು. ನನ್ನ ಮದುವೆಯಾದಂದಿನಿಂದ ನಮ್ಮ ಮನೆಯ ನೀರು ಮುಟ್ಟಿಲ್ಲ. ಮಗಳ ಮನೆಯಲ್ಲಿ ನೀರು ಕುಡಿದು ಕಾಕಾ ಆಡಿದ ಮಾತನ್ನು ಅವನಿಗೆ ಹೇಳಿದೆ. ಆಮೇಲೆ ನಮ್ಮ ನಳದ ನೀರು ಎಲ್ಲಿಯದೆಂದು ಕೇಳಿದ. ಕಾಗಿಣಾ ಹೊಳೆಯದು ಎಂದೆ.

"ಹೊಳಿ ಏನ್ ಬೀಗರದಲ್ಲ. ತಾ, ಒಂದ್ ತಂಬಿಗಿ."

ಒಳಗೆ ಓಡಿ, ತಂಬಿಗೆ ತೊಳೆದು ಅಂಚಿನವರೆಗೆ ತುಂಬಿ ತಂದೆ.