ಹುಳಕ್ಕೆ ಸೊಪ್ಪು ಹಾಕುವ ಹೊತ್ತಿನ ಹರಟೆ

ರಾತ್ರಿ ಹತ್ತೂವರೆಗೆ ಬರುತ್ತಿದ್ದ ನಮ್ಮ ಹಾಸ್ಯದ ಹರಟೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರೀಕರಿಸುತ್ತಿದ್ದರು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಶಿಡ್ಲಘಟ್ಟದಲ್ಲಿ ಪೈಪು, ಮೋಟಾರು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ಕೇಬಲ್ ಟೀವಿಯವರ ಕೋಣೆ. ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ನೀಲಿ ಬಟ್ಟೆ ಕಟ್ಟಿ, ಅದರ ಮೇಲೆ ಥರ್ಮೋಕೋಲಿನ ಚಂದ್ರನನ್ನು ಅಂಟಿಸಿದರೆ ರಾತ್ರಿ ಸಿದ್ಧ. ಎರಡು ವರ್ಷವೂ ಹುಣ್ಣಿಮೆಯೇ. ಆ ನಡುರಾತ್ರಿಯಲ್ಲಿ ಹೊರಗೆ ಕಾಗೆ ಕೂಗುತ್ತಿತ್ತು, ಕೆಳಗೆ ಗಾಡಿಯವನು ಮೈಕಿನಲ್ಲಿ ಟೊಮೇಟೊ ಮಾರುತ್ತಿದ್ದ. ನಾನು ಕ್ಯಾಮೆರಾ ನೋಡಿ ಗಂಭೀರವಾಗಿ "ಶುಭರಾತ್ರಿ" ಹೇಳಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಿದ್ದೆ.

ಪ್ರಶ್ನೆ ಕೇಳುವವನು ನಾನು, ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ. ಉತ್ತರ ಹೇಳುವ ಅತಿಥಿ ನನ್ನ ಗೆಳೆಯ. ಒಂದೇ ಬೆಂಚಿನಲ್ಲಿ ಓದಿದವರು ನಾವು. ಅವನು ನಲವತ್ತು ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದವನು. ವಾರಕ್ಕೆ ಮೂರು ದಿನ ಅವನು ಮೂರು ಅವತಾರ ಎತ್ತುತ್ತಿದ್ದ. ಒಂದು ದಿನ ರಸ್ತೆಯ ಗುಂಡಿಯಾಗಿ ಬಂದ. "ತಮ್ಮ ಜನನ ಯಾವಾಗ?" ಎಂದು ಕೇಳಿದೆ. "ರಸ್ತೆ ಉದ್ಘಾಟನೆಯಾದ ಮಾರನೇ ದಿನ ಸ್ವಾಮಿ, ಹೆರಿಗೆ ಸುಸೂತ್ರ" ಎಂದ. ಇನ್ನೊಂದು ದಿನ ಮದುವೆ ಮನೆಯಲ್ಲಿ ಕಳೆದುಹೋದ ಎಡಗಾಲಿನ ಚಪ್ಪಲಿಯಾಗಿ ಬಂದು ಬಲಗಾಲಿನದರ ವಿಚಾರ ಹೇಳಿಕೊಂಡು ಅತ್ತ.

ಈ ಕಾರ್ಯಕ್ರಮ ಶುರುವಾದ ಕಾರಣವನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನ ಹೆಂಡತಿ ಇದ್ದಾಗ, ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ಸರಿಯಾಗಿ ಹತ್ತೂವರೆಗೆ ಅವನು ಆಕೆಗೆ ದಿನದ ಸುದ್ದಿಯನ್ನು ಬಣ್ಣ ಕಟ್ಟಿ ಹೇಳಬೇಕಿತ್ತು. ಆಕೆ ನಕ್ಕರೆ ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ಆಕೆ ತೀರಿಕೊಂಡ ಮೇಲೆ ಆ ಹೊತ್ತಿಗೆ ನನಗೆ ಫೋನ್ ಬರತೊಡಗಿತು. ಎತ್ತಿದರೆ ಮಾತಿಲ್ಲ. ಉಸಿರಾಟ ಮಾತ್ರ ಕೇಳುತ್ತಿತ್ತು. ನಾನೂ ಸುಮ್ಮನಿರುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ "ಇಡ್ಲಾ?" ಎನ್ನುತ್ತಿದ್ದ. "ಇಡಪ್ಪಾ" ಎನ್ನುತ್ತಿದ್ದೆ. ಹೀಗೆ ಏಳೆಂಟು ತಿಂಗಳು ನಡೆಯಿತು. ಆಮೇಲೆ ನಾನು ಕೇಬಲ್ ಮಾಲೀಕನ ಬಳಿ ಹೋಗಿ ಅರ್ಧ ಗಂಟೆಯ ಜಾಗ ಕೇಳಿದೆ. ಹತ್ತೂವರೆಯದೇ ಬೇಕು ಎಂದೆ. ಆ ಹೊತ್ತನ್ನು ಬೇರೆ ಯಾರೂ ಕೇಳಿರಲಿಲ್ಲವಾದ್ದರಿಂದ ಸುಲಭವಾಗಿ ಸಿಕ್ಕಿತು. ಚಿತ್ರೀಕರಣದ ದಿನ ಗೆಳೆಯ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬರುತ್ತಿದ್ದ. ರಾತ್ರಿ ಟೀವಿಯ ಮುಂದೆ ಕೂತು ತನ್ನನ್ನು ತಾನೇ ಕೇಳಿಸಿಕೊಳ್ಳುತ್ತಿದ್ದ. ಫೋನು ನಿಂತಿತು.

ಎರಡು ವರ್ಷದ ಮೇಲೆ ಮಾಲೀಕ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಫಿ ತರಿಸಿದ. ಮೂವತ್ತೈದರ ಸಂಭಾವಿತ ಆಸಾಮಿ. ಕಾಫಿ ತರಿಸಿದಾಗಲೇ ನನಗೆ ಅನುಮಾನವಾಯಿತು. ಸರ್ಕಾರಿ ಕೆಲಸದಲ್ಲಿ ಕಲಿತದ್ದು ಅದೊಂದೇ.

"ಅಂಕಲ್, ಎಲ್ಲಾರೂ ಮೊಬೈಲ್ ನೋಡ್ತಾರೆ. ಸ್ಕ್ರೀನ್ ಕೆಳಗಡೆ ಫೋನ್ ನಂಬರ್ ಹಾಕಿದ್ದೀವಿ, ಎರಡು ವರ್ಷದಲ್ಲಿ ಒಂದು ಕಾಲ್ ಬಂದಿಲ್ಲ. ಆ ಹೊತ್ತಿಗೆ ಹಳೇ ಹಾಡು ಹಾಕ್ಬಿಡ್ತೀನಿ."

"ಸರಿ ಬಿಡಪ್ಪ," ಎಂದ ಗೆಳೆಯ, ಯಾವ ವಾದವೂ ಇಲ್ಲದೆ. ಅವನು ಹಾಗೆ ಒಪ್ಪಿಕೊಂಡದ್ದೇ ನನಗೆ ಭಯ ತಂದಿತು.

ಆ ರಾತ್ರಿ ಹತ್ತೂವರೆಗೆ ನನ್ನ ಫೋನು ಹೊಡೆದುಕೊಂಡಿತು. ಎತ್ತಿದೆ. ಉಸಿರಾಟ. ಹಿಂದೆ ಟೀವಿಯಲ್ಲಿ ಯಾವುದೋ ಹಳೆಯ ಹಾಡು.

ಬೆಳಿಗ್ಗೆ ಒಬ್ಬನೇ ಹೋಗಿ ಮಾಲೀಕನ ಮುಂದೆ ನಿಂತೆ. ಅವನು ಕರಗಿದ. "ಹತ್ತು ಜನ ನೋಡೋರನ್ನ ತೋರ್ಸಿ ಅಂಕಲ್, ಮತ್ತೆ ಶುರು ಮಾಡಣ."

ಹತ್ತು ಜನರ ಶೋಧನೆಗೆ ನಾವಿಬ್ಬರೂ ಹೊರಟೆವು. ನಮ್ಮ ಊರಿನವರು ಮರ್ಯಾದಸ್ಥರು, ಮುಖದ ಮೇಲೆ ಇಲ್ಲ ಎನ್ನುವುದಿಲ್ಲ. ಕ್ಷೌರದ ಅಂಗಡಿಯವರು "ಏನ್ ಸಾರ್ ಹಿಂಗ್ ಕೇಳ್ತೀರಾ, ತಪ್ಪದೆ ನೋಡ್ತೀನಿ, ಪ್ರತಿ ಭಾನುವಾರ ಬೆಳಿಗ್ಗೆ" ಎಂದರು. ಔಷಧಿ ಅಂಗಡಿಯವರು ನಮ್ಮ ಅಡುಗೆ ಕಾರ್ಯಕ್ರಮ ಬಹಳ ಚೆನ್ನಾಗಿದೆ ಎಂದರು. ನನ್ನ ಸ್ವಂತ ತಮ್ಮ, "ಹತ್ತೂವರೆಗೆ ಮನುಷ್ಯ ಅನ್ನೋನು ಮಲಗಿರ್ತಾನೆ ಕಣೋ" ಎಂದ. ಮೂರು ದಿನದಲ್ಲಿ ನಮ್ಮ ಪಟ್ಟಿಯಲ್ಲಿದ್ದದ್ದು ನನ್ನ ಹೆಂಡತಿಯ ಹೆಸರೊಂದೇ. ಅವಳೂ ಮೊದಲ ಹತ್ತು ನಿಮಿಷದ ಪ್ರೇಕ್ಷಕಿ.

"ಮೇಲಿನ ಕಚೇರಿಗೆ ಅರ್ಜಿ ಹಾಕೋಣ," ಎಂದ ಗೆಳೆಯ. ಅವನ ಮೇಲಿನ ಕಚೇರಿ ಎಂದರೆ ಮುರುಗಮಲ್ಲದ ದರ್ಗಾ. ಹೋದೆವು. ನನ್ನ ಪಾಲಿನ ಅರ್ಜಿಯನ್ನೂ ಅವನ ಕೈಯಲ್ಲೇ ಹಾಕಿಸಿದೆ. ವಾಪಸು ಬರುವಾಗ ಚಿಂತಾಮಣಿ ದಾಟಿದ ಮೇಲೆ ಬಸ್ಸು ಕೆಟ್ಟು, ಒಂದು ಹಳ್ಳಿಯ ಟೀ ಅಂಗಡಿಯ ಮುಂದೆ ಇಳಿದೆವು. ಗೆಳೆಯ ಟೀಗೆ ಸಕ್ಕರೆ ಸಾಲದೆಂದು ಅಂಗಡಿಯವನಿಗೆ ಕೂಗಿ ಹೇಳಿದ.

ರಸ್ತೆಯಲ್ಲಿ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು. ಹೊರೆ ಇದ್ದುದರಿಂದ ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ನಮ್ಮ ಕಡೆ ತಿರುಗಿಸಿದಳು.

"ಅಣ್ಣಾ, ಇನ್ನೊಂದ್ಸಲಿ ಮಾತಾಡಿ."

"ಏನಮ್ಮಾ?"

"ಅಯ್ಯೋ, ಗುಂಡಿ! ರಸ್ತೆ ಗುಂಡಿ ನೀವೇ ಅಲ್ವಾ? ಅತ್ತಾ, ಇಕ್ಕಡ ರಾ! ರಾತ್ರಿ ಮಾಮ ಒಚ್ಚಿನಾಡು!"

ರಾತ್ರಿಯ ಮಾಮ ಬಂದಿದ್ದಾನೆಂಬ ಆ ತೆಲುಗು ಕೂಗಿಗೆ ಎದುರು ಮನೆಯಿಂದ ಅವಳ ಅತ್ತೆ ಹೊರಗೆ ಬಂದು ನಮ್ಮಿಬ್ಬರ ಮುಖವನ್ನು ಸಾವಕಾಶವಾಗಿ ಪರೀಕ್ಷಿಸಿದರು. "ಇಷ್ಟು ವಯಸ್ಸಾಗಿದ್ಯಾ?" ಎಂದರು.

ಅವರು ನಮ್ಮ ಮುಖ ನೋಡಿದ್ದು ಅದೇ ಮೊದಲು. ರೇಷ್ಮೆ ಹುಳ ದೊಡ್ಡದಾದ ಮೇಲೆ ರಾತ್ರಿಯ ಕೊನೆಯ ಸೊಪ್ಪು ಹಾಕುವುದು ಹತ್ತು ಗಂಟೆಯ ಮೇಲೆ. ಟೀವಿ ಇರುವುದು ನಡುಮನೆಯಲ್ಲಿ, ಹುಳದ ಮನೆ ಹಿತ್ತಿಲಲ್ಲಿ. ಟೀವಿಯ ಸದ್ದು ಜೋರು ಮಾಡಿ, ಕಿಟಕಿ ತೆಗೆದಿಟ್ಟು, ಕೈಕಾಲು ತೊಳೆದು ಹುಳದ ಮನೆಗೆ ಹೋದರೆ ಕೆಲಸ ಮುಗಿಯುವವರೆಗೆ ಹೊರಗೆ ಬರುವಂತಿಲ್ಲ, ಬೇರೇನೂ ಮುಟ್ಟುವಂತಿಲ್ಲ. ಆ ಕೈಯಲ್ಲಿ ನಮಗೆ ಫೋನ್ ಮಾಡುವುದಂತೂ ದೂರದ ಮಾತು. ಅವಳ ಬೀದಿಯ ಎಲ್ಲ ಹಿತ್ತಿಲಲ್ಲೂ ಹುಳದ ಮನೆ. ಅಷ್ಟು ಮನೆಗೂ ಇವಳ ಟೀವಿಯ ಸದ್ದೇ ಸಾಕು. ಬೆರಳು ಮಡಿಸಿ ಎಣಿಸಿ, ಹನ್ನೊಂದು ಮನೆ ಎಂದಳು.

"ಒಂದ್ ವಾರದಿಂದ ಬರೀ ಹಾಡು. ಟೀವಿ ಕೆಟ್ಟೋಯ್ತು ಅಂತ ನಮ್ಮೆಜಮಾನ್ರು ಎರಡು ಗುದ್ದಿದ್ರು. ಅದ್ಸರಿ, ನಿಮ್ಮ ಕಡೆ ರಾತ್ರಿ ಹೊತ್ತೂ ಟೊಮೇಟೊ ಮಾರ್ತಾರಾ?"

"ಮಾರ್ತಾರಮ್ಮಾ, ಬೇಡಿಕೆ ಜಾಸ್ತಿ," ಎಂದೆ.

ಅವಳಿಗೆ ಸಂಜೆಯ ಸೊಪ್ಪಿನ ಹೊತ್ತಾಗಿತ್ತು. ನಾವು ಕಾಲು ತೊಳೆದು ಹಿಂದೆಯೇ ಹೋದೆವು. ಬಾಗಿಲಲ್ಲಿ ಅವಳು ಗೆಳೆಯನನ್ನು ತಡೆದಳು. "ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಅತ್ತರು ವಾಸನೆ ಹುಳಕ್ಕಾಗಲ್ಲ."

ಹೀಗೆ ಮುಖ್ಯ ಅತಿಥಿ ಹೊರಗೆ, ಗುಮಾಸ್ತ ಒಳಗೆ. ಅವನು ಕಿಟಕಿಯ ಸರಳು ಹಿಡಿದು ಇಣುಕಿದ. ಅವಳು ಸೊಪ್ಪು ಹರಡುತ್ತ ಹೋದಂತೆ ಸಾವಿರಾರು ಹುಳ ಒಟ್ಟಿಗೆ ಮೇಯತೊಡಗಿದವು. ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು.

"ನಲವತ್ತು ವರ್ಷ ಇವನ್ನ ಬೇಯ್ಸಿದ್ದೀನಿ ಕಣೋ," ಎಂದ ಗೆಳೆಯ. "ಊಟ ಮಾಡೋದನ್ನ ಇವತ್ತೇ ನೋಡಿದ್ದು. ಗೂಡು ಕೊಳ್ಳೋಕೆ ಮಾರ್ಕೆಟ್ಟಿಗೆ ಹೋಗ್ತಿದ್ದೆ, ಅಷ್ಟೇ."

"ಸುಮ್ನೆ ಯಾಕ್ ನಿಂತಿದ್ದೀರಣ್ಣಾ?" ಎಂದಳು ಅವಳು ಕೈ ನಿಲ್ಲಿಸದೆ. "ಆ ಚಪ್ಪಲಿ ಕಥೆ ಹೇಳಿ. ಆವತ್ತು ಹುಳ ಜ್ವರಕ್ಕೆ ಕೂತಿತ್ತು."

ಹುಳ ಪೊರೆ ಬಿಡುವ ದಿನಗಳಿಗೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ಸೊಪ್ಪು ಹಾಕುವಂತಿಲ್ಲ. ಅವಳು ಬೇಗ ಮಲಗಿಬಿಟ್ಟು, ಅತ್ತೆ ಕೇಳಿದ್ದ ಎಡಗಾಲಿನ ಚಪ್ಪಲಿಯನ್ನು ತಪ್ಪಿಸಿಕೊಂಡಿದ್ದಳು. ಗೆಳೆಯ ಕಿಟಕಿಯ ಹೊರಗೆ ನಿಂತೇ ಹೇಳಿದ. ಅವಳು ನಕ್ಕಳು, ಪಕ್ಕದ ಹಿತ್ತಿಲಿನಿಂದಲೂ ಯಾರೋ ನಕ್ಕರು. ಅವನು ಒಮ್ಮೆ ಆ ಕಡೆ ತಿರುಗಿ ನೋಡಿ, ಸರಳನ್ನು ಬಿಗಿಯಾಗಿ ಹಿಡಿದುಕೊಂಡು, ಉಳಿದದ್ದನ್ನು ಮುಗಿಸಿದ. ಬಸ್ಸು ರಿಪೇರಿಯಾಗಿ ನಮ್ಮನ್ನು ಬಿಟ್ಟು ಹೋಯಿತು.

ಮಾರನೇ ದಿನ ಗೆಳೆಯನನ್ನೂ ಕರೆದುಕೊಂಡು ಹೋಗಿ ವರದಿ ಒಪ್ಪಿಸಿದೆ. ನೋಡುವವರು ಸೊನ್ನೆ, ಕೇಳುವವರು ಹನ್ನೊಂದು ಮನೆ. ಮಾಲೀಕ ತಲೆ ಕೆರೆದುಕೊಂಡ.

"ಸಂತೋಷ ಅಂಕಲ್. ಆದ್ರೆ ನನ್ನ ಜಾಹೀರಾತೆಲ್ಲ ಕೆಳಗಡೆ ಅಕ್ಷರದಲ್ಲಿ ಓಡುತ್ತೆ. ಬರೀ ಕೇಳೋರಿಗೆ ಅದೇನ್ ಕಾಣುತ್ತೆ?"

ಎದ್ದು ನಿಂತದ್ದು ಗೆಳೆಯ. ಹೋದ ವಾರ "ಸರಿ ಬಿಡಪ್ಪ" ಎಂದಿದ್ದವನು ಈಗ ಮೇಜು ತಟ್ಟಿದ.

"ಅರೆ, ನಾನ್ ಬಾಯಲ್ಲಿ ಹೇಳ್ತೀನಪ್ಪ! ಸೀರೆ ಅಂಗಡಿ, ಹಲ್ಲಿನ ಡಾಕ್ಟ್ರು, ಯಾರಿದ್ದಾರೆ ಕೊಡು. ಗುಂಡಿ ಹೋಗಿ ಹಲ್ಲು ತೋರಿಸ್ಲಿ. ಚಪ್ಪಲಿ ಸೀರೆ ಕೊಳ್ಳಲಿ. ಆ ಹೆಣ್ಣುಮಗಳ ಕೈ ಖಾಲಿ ಇಲ್ಲ, ಕಿವಿ ಖಾಲಿ ಇದೆ. ನೀನು ಹಾಡು ಹಾಕ್ಬೇಡ."

ಮಾಲೀಕ ನನ್ನ ಮುಖ ನೋಡಿದ. ನಾನು ಥರ್ಮೋಕೋಲಿನ ಚಂದ್ರನನ್ನು ನೋಡಿದೆ.

"ಒಂದು ಬೆಳೆ," ಎಂದ ಮಾಲೀಕ. ಮೊಟ್ಟೆಯಿಂದ ಗೂಡಿನವರೆಗೆ, ಹೆಚ್ಚು ಕಡಿಮೆ ಒಂದು ತಿಂಗಳು. "ಒಂದು ಬೆಳೆ ನೋಡಣ. ಆಮೇಲಿಂದು ಆಮೇಲೆ."

ಮುಂದಿನ ಚಿತ್ರೀಕರಣಕ್ಕೆ ಅವನು ಗಡ್ಡ ಹೆರೆದುಕೊಂಡು ಬಂದ, ಆದರೆ ಅತ್ತರು ಹಚ್ಚಿರಲಿಲ್ಲ. ಕೇಳಿದೆ. "ಹುಳಕ್ಕಾಗಲ್ಲ" ಎಂದ. ಕ್ಯಾಮೆರಾದಿಂದ ವಾಸನೆ ಹೋಗುವುದಿಲ್ಲವೆಂದು ನಾನು ವಾದಿಸಲಿಲ್ಲ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಕಂಬಳಿಯ ಕತ್ತಲಲ್ಲಿ, ಅವನು ನನ್ನ ಪ್ರಶ್ನೆಗೂ ಕಾಯದೆ ಶುರು ಮಾಡಿದ: "ಸೊಪ್ಪು ಹಾಕಿಯಾಯ್ತೇನಮ್ಮಾ? ಇಲ್ದಿದ್ರೆ ಹಾಕ್ತಾ ಇರು, ಅವಸರ ಇಲ್ಲ."

ಅವತ್ತು ರಾತ್ರಿ ಹತ್ತೂವರೆಗೆ ನಾನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹನ್ನೊಂದಾಯಿತು. ಕಾರ್ಯಕ್ರಮ ಮುಗಿದು ಟೀವಿಯಲ್ಲಿನ ನನ್ನ ಮುಖ ಶುಭರಾತ್ರಿ ಹೇಳಿತು. ಹೆಂಡತಿ ದೀಪ ಆರಿಸಲು ಬಂದಳು.

"ಯಾರ ಫೋನಿಗೆ ಕಾಯ್ತಾ ಕೂತಿದ್ದೀರಿ?"

"ಬಾರದಿರಲಿ ಅಂತ ಕಾಯ್ತಿದ್ದೀನಿ ಕಣೇ," ಎಂದೆ.

"ಬಂತಾ?"

"ಇಲ್ಲ."

"ಸರಿ, ಮಲಗಿ ಹಾಗಾದ್ರೆ," ಎಂದಳು.