ಮೂರನೆಯ ಬಿಲ್ಲೆ

ದೊಡ್ಡಕ್ಕ ಬಸ್ಸಿನ ಕೆಲಸಕ್ಕೆ ಸೇರಿದಾಗ ಎದೆಯ ಮೇಲಿನ ಬಿಲ್ಲೆಯಲ್ಲಿ 'ಕಂಡಕ್ಟರ್' ಎಂದಿತ್ತು. ಹತ್ತು ವರ್ಷ ಕಳೆದ ಮೇಲೆ ಅದು 'ನಿರ್ವಾಹಕಿ' ಆಯಿತು. ಕಚೇರಿಯವರಿಗೆ ಕೈಯಲ್ಲಿ ಕೆಲಸವಿಲ್ಲದಾಗ ಇಂಥ ಹುಕಿ ಬರುವುದುಂಟು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪ್ರಯಾಣಿಕರು ಕರೆಯುತ್ತಿದ್ದುದು ಆಮೇಲೂ 'ರೀ ಕಂಡಕ್ಟ್ರೇ' ಎಂದೇ. ಡಿಪೋದಲ್ಲಂತೂ ಬಸ್ ತೊಳೆಯುವವರಿಂದ ಹಿಡಿದು ಡ್ರೈವರುಗಳವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ.

ಬಿಲ್ಲೆಯಲ್ಲಿ ಏನೇ ಬರೆದಿರಲಿ, ಅವಳ ಅಧಿಕಾರವೆಲ್ಲ ಕೊರಳಲ್ಲಿ ನೇತಾಡುವ ಸೀಟಿಯಲ್ಲಿತ್ತು. ಒಮ್ಮೆ ಊದಿದರೆ ಬಸ್ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಹನ್ನೊಂದು ವರ್ಷದಿಂದ ಅವಳ ಜೊತೆಗಿದ್ದ ಮೀಸೆ ಡ್ರೈವರ್ ಸೀಟಿ ಕೇಳದೆ ಗೇರ್ ಹಾಕಿದವನಲ್ಲ. ಅವನ ಕನ್ನಡಿಯಲ್ಲಿ ಹಿಂಬಾಗಿಲ ಮೆಟ್ಟಿಲು ಕಾಣುತ್ತಿರಲಿಲ್ಲ. ಯಾರ ಕಾಲು ಒಳಗೆ ಬಂತು, ಯಾರದು ಇನ್ನೂ ನೆಲದ ಮೇಲಿದೆ ಎಂಬುದು ದೊಡ್ಡಕ್ಕನಿಗೆ ಮಾತ್ರ ಗೊತ್ತು. ಹಿಂದೊಮ್ಮೆ ಬೇರೊಬ್ಬ ಡ್ರೈವರ್ ಸೀಟಿಗೆ ಕಾಯದೆ ಬಸ್ ಎಳೆದಿದ್ದ. ಮೆಟ್ಟಿಲಿಗೆ ಒಂದೇ ಕಾಲಿಟ್ಟಿದ್ದ ಅಜ್ಜಿಯೊಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಅವರ ಕೈ ತನ್ನ ಕೈಯಿಂದ ಜಾರಿಹೋದದ್ದನ್ನು ದೊಡ್ಡಕ್ಕ ಮರೆತವಳಲ್ಲ.

ನಿವೃತ್ತಿ ಹತ್ತಿರವಾಗುತ್ತಿದ್ದಾಗ ಮೂರನೆಯ ಬಿಲ್ಲೆ ಬಂತು. ಹೊಸ ಮ್ಯಾನೇಜರ್ ಸಾಹೇಬರು ಡಿಪೋದ ಕಂಡಕ್ಟರುಗಳನ್ನೆಲ್ಲ ಸೇರಿಸಿ, ಇನ್ನು ಮುಂದೆ ನೀವೆಲ್ಲ 'ಪಯಣದ ಸಂಗಾತಿ' ಎಂದು ಘೋಷಿಸಿದರು.

"ಮನೇಲಿರೋ ಒಬ್ಬ ಸಂಗಾತಿನ ಸಂಭಾಳಿಸೋದ್ರಲ್ಲೇ ಸಾಕಾಗಿದೆ ಸಾಹೇಬ್ರೇ," ಎಂದಳು ದೊಡ್ಡಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸಾಹೇಬರು ನಗಲಿಲ್ಲ. ರಟ್ಟಿನ ಪೆಟ್ಟಿಗೆಯೊಂದನ್ನು ಮುಂದಕ್ಕೆ ತಳ್ಳಿದರು. "ಸೀಟಿ ಇದರಲ್ಲಿ ಹಾಕಿ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ. ಬಸ್ ಯಾವಾಗ ಹೊರಡಬೇಕು ಅನ್ನೋದು ಇನ್ಮೇಲೆ ಡ್ರೈವರ್‌ಗೆ ಬಿಟ್ಟದ್ದು. ನೀವು ಟಿಕೆಟ್ ಕೊಟ್ಟು ನಗ್ತಾ ಮಾತಾಡಿದ್ರೆ ಆಯ್ತು."

ಉಳಿದವರು ಸೀಟಿ ಪೆಟ್ಟಿಗೆಗೆ ಹಾಕಿ, ಓದದೆಯೇ ಸಹಿ ಮಾಡಿದರು. ದೊಡ್ಡಕ್ಕ ಕನ್ನಡಕ ಏರಿಸಿ ಓದಿದಳು. ಆರನೆಯ ಸಾಲಿನಲ್ಲಿ ಹೀಗಿತ್ತು: ಬಾಗಿಲ ಬಳಿ ನಡೆಯುವ ಅವಘಡಕ್ಕೆ ಪಯಣದ ಸಂಗಾತಿಯೇ ಹೊಣೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಸೀಟಿ ನಿಮ್ಮ ಪೆಟ್ಟಿಗೇಲಿ, ತಪ್ಪು ನನ್ನ ತಲೆ ಮೇಲಾ?"

"ಅದೆಲ್ಲ ಸುಮ್ನೆ ಬರೀತಾರಮ್ಮ. ಸೋಮವಾರದೊಳಗೆ ಸಹಿ ಹಾಕಿ. ಇಲ್ಲಾಂದ್ರೆ ಬಸ್ ಹತ್ತಬೇಡಿ."

ಮನೆಯಲ್ಲಿ ಗಂಡ ಈರುಳ್ಳಿ ಹೆಚ್ಚುತ್ತ ಬುದ್ಧಿ ಹೇಳಿದ. "ಇನ್ನೆಷ್ಟು ದಿನ ಇದೆ ಮಾರಾಯ್ತಿ? ಕಣ್ಣು ಮುಚ್ಕೊಂಡು ಸಹಿ ಹಾಕು."

"ಕಣ್ಣು ಬಿಟ್ಕೊಂಡಿರೋಕೇ ಅಲ್ವಾ ನನ್ನನ್ನ ಅಲ್ಲಿ ನಿಲ್ಲಿಸಿರೋದು?" ಎಂದಳು. ಕೆಲಸ ಹೋದರೆ ಹೇಗೆಂಬ ಭಯ ಅವಳಿಗೂ ಇತ್ತು.

ಸೋಮವಾರ ಬೆಳಿಗ್ಗೆ ಅವಳು ಸಮವಸ್ತ್ರ ತೊಟ್ಟು, ಸೀಟಿ ಕೊರಳಿಗೆ ಹಾಕಿಕೊಂಡು, ಸಹಿಯಿಲ್ಲದ ಪತ್ರದೊಂದಿಗೆ ನಿಲ್ದಾಣಕ್ಕೆ ಬಂದಳು. ಅವಳ ಬಸ್ಸಿನಲ್ಲಿ ಹೊಸ ಬಿಲ್ಲೆಯ ಹುಡುಗಿಯೊಬ್ಬಳು ನಿಂತಿದ್ದಳು. ಒಳಗೆ ಕಾಲಿಡಲು ಜಾಗವಿಲ್ಲ. ಮೀಸೆ ಮಾತ್ರ ಇಂಜಿನ್ ಆರಿಸಿ ಕೈಕಟ್ಟಿ ಕುಳಿತಿದ್ದ. ಸಾಹೇಬರು ಓಡಿ ಬಂದರು.

"ಹಿಂದೆ ಯಾರು ಹತ್ತುತ್ತಾ ಇದಾರೋ ನಂಗೆ ಕಾಣಲ್ಲ ಸಾಹೇಬ್ರೇ," ಎಂದ ಮೀಸೆ. "ಹೇಳೋರು ಹೇಳಿದ್ರೆ ಹೊರಡ್ತೀನಿ. ನೀವೇ ಹೇಳಿ."

ಸಾಹೇಬರು ಹಿಂಬಾಗಿಲಿಗೆ ಹೋದರು. ಮೆಟ್ಟಿಲ ಮೇಲೆ ತುಂಬು ಬಸುರಿಯೊಬ್ಬಳು ಕಂಬಿ ಹಿಡಿದಿದ್ದಳು. ಅವಳ ಹಿಂದೆ ಚೀಲ ಹೊತ್ತವನ ಒಂದು ಕಾಲು ಇನ್ನೂ ರಸ್ತೆಯಲ್ಲಿತ್ತು. ಒಳಗಿನಿಂದ ಜನ ಬಯ್ಯುತ್ತಿದ್ದರು. ಹೊರಡು ಎನ್ನಲು ಕೈ ಎತ್ತಿದ ಸಾಹೇಬರು ಅದನ್ನು ಹಾಗೇ ಇಳಿಸಿದರು.

ದೊಡ್ಡಕ್ಕ ಪತ್ರ ಬಿಡಿಸಿದಳು. ಆರನೆಯ ಸಾಲಿನಲ್ಲಿ 'ಪಯಣದ ಸಂಗಾತಿ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಮ್ಯಾನೇಜರ್' ಎಂದು ಬರೆದು, ಪೆನ್ನಿನ ಸಮೇತ ಅವರ ಮುಂದೆ ಹಿಡಿದಳು.

"ಇಲ್ಲಿ ಸಹಿ ಮಾಡಿ. ಆಮೇಲೆ ಹೊರಡು ಅಂತ ಹೇಳಿ. ನಾನು ಸುಮ್ನೆ ಮನೆಗೆ ಹೋಗ್ತೀನಿ."

ಸಾಹೇಬರು ಪತ್ರ ನೋಡಿದರು, ಆ ಬಸುರಿಯ ಕಡೆ ನೋಡಿದರು. ಪೆನ್ನು ಮುಟ್ಟಲಿಲ್ಲ.

"ಸರಿ, ಇವತ್ತೊಂದು ದಿನ ನೀವೇ ಊದಿ," ಎಂದು ಗೊಣಗಿದರು.

ಅವಳು ಹತ್ತಿ, ಚೀಲದವನನ್ನು ರಟ್ಟೆ ಹಿಡಿದು ಒಳಗೆಳೆದುಕೊಂಡು, ಮೆಟ್ಟಿಲು ಖಾಲಿಯಾದ ಮೇಲೆಯೇ ಎರಡು ಸಲ ಊದಿದಳು. ಮರುದಿನ ಬೆಳಿಗ್ಗೆ ಉಳಿದ ಕಂಡಕ್ಟರುಗಳಲ್ಲಿ ಆರು ಮಂದಿ ಕಚೇರಿಗೆ ನುಗ್ಗಿ, ಯಾರನ್ನೂ ಕೇಳದೆ ಪೆಟ್ಟಿಗೆಯಿಂದ ತಮ್ಮ ತಮ್ಮ ಸೀಟಿ ಹುಡುಕಿಕೊಂಡರು. ಸಾಹೇಬರ ಆ 'ಇವತ್ತೊಂದು ದಿನ' ದೊಡ್ಡಕ್ಕ ನಿವೃತ್ತಳಾಗುವವರೆಗೂ ನಡೆಯಿತು. ಪತ್ರಕ್ಕೆ ಅವರೂ ಸಹಿ ಹಾಕಲಿಲ್ಲ, ಅವಳೂ ಹಾಕಲಿಲ್ಲ.