ಎಲ್ಲಾ ಛಲೋ ಐತ್ರಿ ಸರ್

ಸಿಮೆಂಟಿನ ಇಳಿಜಾರಿನ ಮೇಲೆ ಕಬ್ಬಿಣದ ಸಿಲಿಂಡರು ಗಡಗಡ ಉರುಳುವ ಸದ್ದು. ಶಹಾಪುರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಬೆಳಿಗ್ಗೆ ಆ ಸದ್ದು ಕೇಳಿತೆಂದರೆ ಮಲಗಿದ ರೋಗಿಗಳಿಗೂ ಗೊತ್ತು, ಇವತ್ತು ಸರ್ಕಾರದ ತಪಾಸಣೆ. ಆಮ್ಲಜನಕದ ಸಿಲಿಂಡರು ಪಕ್ಕದ ಬೀದಿಯ ಆಸ್ಪತ್ರೆಯಿಂದ ಕಡ ಬಂದಿದೆ. ಮಂಚಗಳಿಗೆ ಮಡಿಕೆ ಮುರಿಯದ ಚಾದರಗಳು ಬಿದ್ದಿವೆ. ಸಂಜೆಗೆ ಎಲ್ಲವೂ ಬಂದ ದಾರಿಯಲ್ಲೇ ಹಿಂದಿರುಗುತ್ತವೆ.

ಹಾಗೆ ಕಡ ಹೋಗುವವರಲ್ಲಿ ಸಿಸ್ಟರ್ ಪಂಚಶೀಲಾ ಕೂಡ ಒಬ್ಬಳಾಗಿದ್ದಳು. ಮುದನಾಳದ ಕೂಲಿಕಾರ ದ್ಯಾವಪ್ಪ ಬೌದ್ಧ ಧಮ್ಮ ಸ್ವೀಕರಿಸಿದ ಹೊಸದರಲ್ಲಿ ಹುಟ್ಟಿದ ಮಗಳು ಅವಳು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವಳನ್ನು ಆಟೋದಲ್ಲಿ ಸುರಪುರಕ್ಕೆ ಕಳಿಸಿದರು. ಹಿಂದೆಂದೂ ನೋಡಿರದ ಆಸ್ಪತ್ರೆಯೊಂದರಲ್ಲಿ ಆ ದಿನದ ಮಟ್ಟಿಗೆ ಅವಳು ತೀವ್ರ ನಿಗಾ ಘಟಕದ ಮುಖ್ಯಸ್ಥೆ. ಅಧಿಕಾರಿ ಬಂದು ಏನು ಕೇಳಿದರೂ ಹೇಳಬೇಕಾದ ಉತ್ತರ ಒಂದೇ: ‘ಎಲ್ಲಾ ಛಲೋ ಐತ್ರಿ ಸರ್.’ ಅಧಿಕಾರಿಗೂ ಅದು ಗೊತ್ತು. ಅವರು ಬಾದಾಮಿ ಹಾಲು ಕುಡಿದು ಹೋಗುತ್ತಾರೆ. ಮನೆಯಲ್ಲಿ ಬುದ್ಧನ ಚಿತ್ರದ ಮುಂದೆ ಕೈಮುಗಿದು, ಸುಳ್ಳಾಡುವುದಿಲ್ಲ ಎಂಬ ವ್ರತವನ್ನು ಬಾಯಲ್ಲಿ ಹೇಳಿ ಬಂದ ಹುಡುಗಿ ಮೊದಲ ಸಲ ತಡವರಿಸಿದಳು. ಆಮೇಲೆ ರೂಢಿಯಾಯಿತು. ಸುತ್ತಲಿನ ಆಸ್ಪತ್ರೆಗಳಲ್ಲಿ ಅವಳಿಗೆ ‘ತಪಾಸಣಿ ಸಿಸ್ಟರ್’ ಎಂಬ ಹೆಸರೂ ಬಿತ್ತು.

ಆ ರೂಢಿಯನ್ನು ಅವಳು ಇಂಗ್ಲೆಂಡಿಗೂ ಹೊತ್ತುಕೊಂಡು ಹೋದಳು.

ಅವಳನ್ನು ಅಲ್ಲಿಗೆ ಕಳಿಸಿದವನು ಯಾದಗಿರಿಯ ಏಜೆಂಟ್ ಕಾಂತೇಶ. ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಹಿರಿಯ ಆರೈಕೆದಾರಳ ಕೆಲಸ ಎಂದಿದ್ದ. ಹೋಗಿ ನೋಡಿದರೆ ಅರ್ಧ ದಿನ ವೃದ್ಧರ ಸೇವೆ, ಉಳಿದರ್ಧ ಮಾಲೀಕನ ಸ್ವಂತ ಮನೆಯ ಚಾಕರಿ. ಇಲ್ಲ ಎನ್ನುವಂತಿರಲಿಲ್ಲ. ಅವಳ ವೀಸಾ ಆ ಮಾಲೀಕನಿಗೆ ಕಟ್ಟಿದ ವೀಸಾ. ಅವನ ಕೆಲಸ ಬಿಟ್ಟರೆ ಆ ದೇಶವನ್ನೂ ಬಿಡಬೇಕು. ಹೊರದೇಶದವರನ್ನು ಕರೆಸಿಕೊಳ್ಳಲು ಅವನಿಗೆ ಪರವಾನಗಿ ಕೊಟ್ಟದ್ದು ಅಲ್ಲಿಯ ಸರ್ಕಾರ. ಹಗ್ಗ ಹೆಣೆದು ಒಂದು ತುದಿಯನ್ನು ಮಾಲೀಕನ ಕೈಗೆ, ಇನ್ನೊಂದನ್ನು ಹೆಣ್ಣುಮಗಳ ಕೊರಳಿಗೆ ಹಾಕಿ, ಅದಕ್ಕೆ ನಿಯಮವೆಂದು ಹೆಸರಿಟ್ಟಿದ್ದರು.

ಒಂದು ದಿನ ಸರ್ಕಾರದ ಇಬ್ಬರು ತಪಾಸಣೆಗೆ ಬಂದರು. ಅವಳನ್ನು ಬೇರೆ ಕೋಣೆಯಲ್ಲಿ ಕೂಡಿಸಿ, ಒಪ್ಪಂದದಲ್ಲಿರುವ ಕೆಲಸವನ್ನೇ ಮಾಡುತ್ತಿದ್ದೀಯಾ ಎಂದು ಕೇಳಿದರು. ಪಂಚಶೀಲಾ ಬೆನ್ನು ನೆಟ್ಟಗೆ ಮಾಡಿ, ಎಲ್ಲಾ ಸರಿಯಾಗಿದೆ ಎಂದಳು. ಅವರು ಚಹಾ ಕುಡಿದು ಹೋಗುತ್ತಾರೆಂದು ಅವಳ ಎಣಿಕೆ. ಅವರು ಚಹಾ ಮುಟ್ಟಲಿಲ್ಲ. ಮಾಲೀಕನ ಮೋಸ ಅವರಿಗೆ ಮೊದಲೇ ತಿಳಿದಿತ್ತು. ಅವನ ಪರವಾನಗಿ ರದ್ದಾಯಿತು. ಎರಡು ತಿಂಗಳಲ್ಲಿ ಬೇರೆ ಮಾಲೀಕನನ್ನು ಹುಡುಕಿಕೊಳ್ಳಿ, ಇಲ್ಲವೇ ಹೊರಡಿ ಎಂದು ಕೆಲಸದವರಿಗೆಲ್ಲ ಆದೇಶ ಬಂತು. ಹೋದಲ್ಲೆಲ್ಲ, ತಪಾಸಣೆಯ ದಾಖಲೆಯಲ್ಲಿ ಪಂಚಶೀಲಾಳ ಹೆಸರಿನ ಮುಂದೆ ಅವಳ ಸುಳ್ಳೇ ನಿಂತಿತ್ತು. ಯಾರೂ ಕೆಲಸ ಕೊಡಲಿಲ್ಲ. ಅವಳು ಶಹಾಪುರದ ಅದೇ ನರ್ಸಿಂಗ್ ಹೋಮಿಗೆ ಮರಳಿದಳು. ಬಂದವಳೇ ಕಾಂತೇಶನ ಮೇಲೆ ದೂರು ಕೊಟ್ಟಳು.

ಅದರ ವಿಚಾರಣೆ ಇವತ್ತು, ಯಾದಗಿರಿಯಲ್ಲಿ. ನರ್ಸಿಂಗ್ ಹೋಮಿನವರು ಎಷ್ಟು ಬೈದರೂ ಕೇಳದೆ ಅವಳು ಇವತ್ತಿನ ತಪಾಸಣೆ ಬಿಟ್ಟು ಬಸ್ಸು ಹತ್ತಿದಳು. ಪಕ್ಕದಲ್ಲಿ ಕುಳಿತದ್ದು ಅದೇ ನರ್ಸಿಂಗ್ ಹೋಮಿನ ಮಲ್ಲೇಶ್ವರಿ, ತಿಂಥಣಿಯ ಮೀನುಗಾರರ ಮನೆಯವಳು. ಕಾಂತೇಶ ಈಗ ಇವಳನ್ನು ಇಂಗ್ಲೆಂಡಿಗೆ ಕಳಿಸುತ್ತಿದ್ದಾನೆ. ವೀಸಾ ಬಂದಿದೆ, ಈ ವಾರವೇ ಪ್ರಯಾಣ. ವಿಚಾರಣೆಯಲ್ಲಿ ತನ್ನ ಪರ ಸಾಕ್ಷಿ ಹೇಳಲು ಅವನೇ ಇವಳನ್ನು ಕರೆಸಿದ್ದ. ಕೆಲಸದ ಜಾಗದ್ದೆಂದು ಅವನು ಕಳಿಸಿದ ವಿಡಿಯೋವನ್ನು ಮಲ್ಲೇಶ್ವರಿ ಹಿಂದಿನ ದಿನ ಹಿಗ್ಗಿನಿಂದ ಪಂಚಶೀಲಾಳಿಗೆ ತೋರಿಸಿದ್ದಳು. ಕಂಪನಿ ಹೊಸದು, ಮಾಲೀಕನ ಹೆಂಡತಿಯ ಹೆಸರಿನಲ್ಲಿದೆ. ಬಾಗಿಲು ಮಾತ್ರ ಪಂಚಶೀಲಾ ದುಡಿದ ಮನೆಯ ಆ ಹಳೆಯದೇ: ಹಸಿರು ಬಣ್ಣ, ಸಿಂಹದ ಮುಖದ ಹಿತ್ತಾಳೆ ಚಿಲಕ, ಸಿಂಹದ ಒಂದು ಕಿವಿ ಮುರಿದಿದೆ.

“ಅಕ್ಕಾ, ಸಿಟ್ಟಾಗಬ್ಯಾಡ,” ಎಂದಳು ಮಲ್ಲೇಶ್ವರಿ. “ನೀ ಇವತ್ತ ಬಾಯಿ ಬಿಟ್ಟು ನನ್ನ ವೀಸಾ ನಿಂತ್ರ ಏನ್ ಮಾಡ್ಲಿ?”

“ನಿಂದ್ರಲಿ ಅಂತ್ಲೇ ಹೊಂಟೀನಿ.”

“ಆಹಾ! ನೀ ಇಂಗ್ಲೆಂಡ್ ನೋಡ್ಕೊಂಡ ಬಂದಿ. ನಾ ಮಾತ್ರ ಹೊಳಿ ದಂಡಿಗೇ ಕೂಡಬೇಕೇನು?”

“ಏನ್ ನೋಡೀನಿ ಕೇಳು. ಆ ಮಾಲಕನ ಬಚ್ಚಲಾ ನೋಡೀನಿ. ಅವನ ನಾಯಿ ಉಚ್ಚಿ ನೋಡೀನಿ.”

“ಮೀನ ಹೆಚ್ಚೂ ಮನ್ಯಾಗ ಹುಟ್ಟೀನಿ, ನಾಯಿ ಉಚ್ಚಿಗೆ ಹೆದರತೀನೇನ?” ಮಲ್ಲೇಶ್ವರಿ ನಕ್ಕಳು.

“ತಿಕ್ಕಿ ತೊಳಿಯೂದಕ್ಕ ನಾನೂ ಹೆದರಿಲ್ಲವ್ವಾ. ಒಲ್ಲೆ ಅಂತ ಹೇಳಿ ಹೊರಗ ಬರಾಕ ದಾರಿ ಇಲ್ಲ ನೋಡು, ಅದಕ್ಕ ಹೆದರೀನಿ.”

ಮಲ್ಲೇಶ್ವರಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಬಸ್ಸು ಭೀಮಾ ಸೇತುವೆ ದಾಟಿತು.

ವಿಚಾರಣೆಯ ಕೋಣೆಯಲ್ಲಿ, ವಿದೇಶಕ್ಕೆ ಕಳಿಸುವ ಏಜೆಂಟರ ಮೇಲಿನ ದೂರು ಕೇಳಲು ಹೊರಗಿನ ಊರಿನಿಂದ ಬಂದ ಅಧಿಕಾರಿ, ಅವರ ಎಡಕ್ಕೆ ಕುರ್ಚಿಯಲ್ಲಿ ಕಾಂತೇಶ. ದೂರು ಕೊಟ್ಟವಳಿಗೆ ಬೆಂಚು. ಮಲ್ಲೇಶ್ವರಿಯನ್ನು, ಕಾಂತೇಶ ಸಾಕ್ಷಿಗೆಂದು ಕರೆಸಿದ್ದ ಬೇರೆ ಹುಡುಗಿಯರ ಜೊತೆ, ಹೊರಗೆ ಪಡಸಾಲೆಯಲ್ಲಿ ಕೂಡಿಸಿದರು.

“ಅಲ್ಲಿಯ ಅಧಿಕಾರಿಗಳು ಕೇಳಿದಾಗ ಎಲ್ಲಾ ಸರಿಯಾಗಿದೆ ಅಂತ ನೀವೇ ಹೇಳಿದ್ದೀರಿ, ಮೇಡಂ. ಹೌದೋ ಅಲ್ಲವೋ?” ಎಂದರು ಅಧಿಕಾರಿ.

“ಹೌದ್ರಿ ಸರ್.”

“ಯಾಕೆ ಹೇಳಿದಿರಿ?”

“ನಮ್ಮ ಕಡೆ ತಪಾಸಣಿಗೆ ಬಂದವರು ಕೇಳ್ತಾರ್ರಿ, ನಾವು ಹಂಗ ಹೇಳ್ತೀವ್ರಿ. ಖರೇ ಉತ್ತರ ಬೇಕಾಗಿ ಕೇಳೋ ಮಂದಿನೂ ಇರ್ತಾರ ಅಂತ ನನಗ ತಿಳೀಲಿಲ್ರಿ.”

ಕಾಂತೇಶ ಜೋರಾಗಿ ನಕ್ಕ. “ನೋಡ್ರಿ ಸರ್, ತಾನೇ ಒಪ್ಕೊಂಡಾಳ. ಏನ್ ತಂಗೀ, ನಾ ನಿನಗೇನ್ ಕಡಿಮಿ ಮಾಡೀನಿ? ಮುದನಾಳದಾಗ ಯಾರ ಮಗಳು ವಿಮಾನ ಹತ್ತಿದ್ಲು ಹೇಳು?”

“ಹತ್ತಿಸಿದಿ ಅಣ್ಣಾ. ಇಳಿದ ಮ್ಯಾಲ ಯಾರ ಕೈಗೆ ಕೊಡ್ತಿ ಅಂತ ಹೇಳಲಿಲ್ಲ.” ಅವಳು ಅಧಿಕಾರಿಯತ್ತ ತಿರುಗಿದಳು. “ಸರ್, ತಪ್ಪು ಮಾಡಿದಾಂವ ಮಾಲಕ. ಅವನಿಗೇನಾತ್ರಿ? ಹೆಂಡತಿ ಹೆಸರಲೇ ಇನ್ನೊಂದು ಕಂಪನಿ ತಗದಾನ. ಕೆಲಸ ಹೋಗಿ ಊರಿಗೆ ವಾಪಸ್ ಬಂದವರು ನಾವು. ಈಗ ಅದೇ ಮನಿಗೆ ಮತ್ತ ಹುಡುಗ್ಯಾರನ ಕಳಸಾಕತ್ತಾರ್ರಿ. ಬಾಗಲಾ ಗುರುತು ಹಿಡದೀನಿ, ದಿನಾ ಒರಸಿದ ಬಾಗಲಾ ಅದು.”

“ಬಾಗಿಲು ನೋಡಿ ವಿಚಾರಣೆ ಆಗುತ್ತಾ, ಮೇಡಂ? ಆ ಕಂಪನಿ ಅಲ್ಲಿಯ ಸರ್ಕಾರ ಒಪ್ಪಿದ ಕಂಪನಿ. ಈ ಏಜೆಂಟರ ನೋಂದಣಿಯೂ ಚಾಲ್ತಿಯಲ್ಲಿದೆ. ನಾನು ನೋಡಬೇಕಾದ್ದು ಅಷ್ಟೇ.”

ಅಲ್ಲಿಯ ಸರ್ಕಾರ ಒಪ್ಪಿದೆ ಎಂದು ಇಲ್ಲಿಯವರು ಸುಮ್ಮನಿರುತ್ತಾರೆ. ಇಲ್ಲಿಂದ ಸರಿಯಾಗಿಯೇ ಕಳಿಸಿದ್ದಾರೆಂದು ಅಲ್ಲಿಯವರು. ಇಬ್ಬರು ಕಾವಲುಗಾರರ ನಡುವೆ ಹೆಣ್ಣುಮಕ್ಕಳು ಸಾಲಾಗಿ ನಡೆದು ಆ ಹಸಿರು ಬಾಗಿಲೊಳಗೆ ಹೋಗುತ್ತಾರೆ. ಕಾಯಬೇಕಾದ ಇಬ್ಬರಿಗೂ ಕಣ್ಣಿದೆ. ನೋಡುವ ಮನಸ್ಸು ಯಾರಿಗೂ ಇಲ್ಲ.

ಮಲ್ಲೇಶ್ವರಿಯನ್ನು ಒಳಗೆ ಕರೆದರು.

“ಏನಮ್ಮಾ, ಕೆಲಸ ಏನು, ಎಷ್ಟು ಹೊತ್ತು, ಎಲ್ಲ ತಿಳಿಸಿದ್ದಾರಾ? ತೊಂದರೆ ಏನಾದರೂ ಇದೆಯಾ?”

ಮಲ್ಲೇಶ್ವರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗೋಡೆ ನೋಡುತ್ತ, ಒಂದೇ ಉಸಿರಿನಲ್ಲಿ ಹೇಳಿದಳು: “ಎಲ್ಲಾ ಛಲೋ ಐತ್ರಿ ಸರ್.”

ಅಧಿಕಾರಿ ಬರೆದುಕೊಳ್ಳತೊಡಗಿದರು. ಪಂಚಶೀಲಾಳಿಗೆ ಮೈಯೆಲ್ಲ ಉರಿಯಿತು. ಆ ನಿಲುವು, ಆ ದನಿ ಎರಡೂ ತನ್ನವೇ. ಹೊಸ ಹುಡುಗಿಯರಿಗೆ ಹೀಗೆ ನಿಲ್ಲಲು ಕಲಿಸುತ್ತಿದ್ದವಳು ಅವಳೇ.

“ಮಲ್ಲೇಶ್ವರಿ, ಆ ಮಾಲಕನ ಹೆಸರೇನು?”

ಮಲ್ಲೇಶ್ವರಿ ಕಾಂತೇಶನ ಮುಖ ನೋಡಿದಳು.

“ಅವನ ಕಡೆ ಯಾಕ ನೋಡ್ತಿ? ಅಂವ ಹೊಡದ್ರ ಯಾರಿಗೆ ಹೇಳ್ತಿ? ಕೆಲಸ ಬಿಟ್ಟರ ಎಲ್ಲಿರ್ತಿ?”

ಅಧಿಕಾರಿ ಕೈ ಎತ್ತಿ ತಡೆದರು.

“ಮೇಡಂ, ಈ ಪ್ರಶ್ನೆಗಳು ನಮ್ಮ ವಿಚಾರಣೆಗೆ ಬರೋದಿಲ್ಲ.”

“ಮತ್ತ ಏನ್ ಬರ್ತೈತ್ರಿ ನಿಮ್ಮ ವಿಚಾರಣಿಗೆ?” ಪಂಚಶೀಲಾ ಎದ್ದು ನಿಂತಿದ್ದಳು. “ನಾವು ಏನ್ ಹೇಳ್ತೀವಿ ಅಂತ ನಿಮಗ ಮೊದಲೇ ಗೊತ್ತೈತಿ. ಅದನ್ನೇ ಹೇಳಸ್ತೀರಿ, ಅದನ್ನೇ ಬರ್ಕೋತೀರಿ. ನಾಳಿ ಇಕಿ ಅಳಕೋತ ಬಂದ್ರ, ನೀನೇ ಹೇಳಿದ್ದಿಯಲ್ಲ ಅಂತ ಇಕಿಗೂ ಕೇಳ್ತೀರಿ!”

“ಅಕ್ಕಾ,” ಮಲ್ಲೇಶ್ವರಿಯ ದನಿ ಸಣ್ಣಗಾಗಿತ್ತು. “ಖರೇನೇ ಅದೇ ಬಾಗಲಾ ಏನು?”

“ನಿನ್ನಾಣಿ ಅದೇ.”

ಮಲ್ಲೇಶ್ವರಿ ಬೆನ್ನ ಹಿಂದಿನ ಕೈಗಳನ್ನು ಬಿಟ್ಟಳು. “ಸರ್, ನಾ ಹೇಳಿದ್ದು ಬರೀಬ್ಯಾಡ್ರಿ. ನನಗೇನೂ ಗೊತ್ತಿಲ್ರಿ.”

ಕಾಂತೇಶ ಕುರ್ಚಿ ಎಳೆದುಕೊಂಡು ಪಂಚಶೀಲಾಳ ಮುಂದೆ ಬಂದ. “ತಂಗೀ, ಕೂಡು, ಕೂಡು. ನಿನಗೂ ಛಲೋ ಜಾಗಾ ನೋಡೀನಿ, ಈ ಸಲ ದವಾಖಾನಿನೇ. ಈ ದೂರಷ್ಟು ವಾಪಸ್ ತಗೊಂಡುಬಿಡು. ನಿನ್ನ ಹೆಸರು ಸ್ವಚ್ಛ ಮಾಡೂ ಜವಾಬ್ದಾರಿ ನಂದು.”

ಮತ್ತೆ ಹೋಗುವ ಆಸೆ ಅವಳಲ್ಲಿ ಸತ್ತಿರಲಿಲ್ಲ. ಅರೆಗಳಿಗೆ ಅವಳು ಅವನನ್ನೇ ನೋಡಿದಳು.

“ಹೊರಗ ಇನ್ನ ಎಷ್ಟು ಮಂದಿ ಹುಡುಗ್ಯಾರನ ಕೂಡಿಸೀದಿ ಅಣ್ಣಾ?”

“ನಾಕ್ ಮಂದಿ. ಯಾಕ?”

“ಎಲ್ಲಾರೂ ಆ ಮನಿಗೇ ಏನು?”

ಕಾಂತೇಶ ಅಧಿಕಾರಿಯ ಕಡೆ ತಿರುಗಿದ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. “ನೋಡಿ ಮೇಡಂ, ವಿಚಾರಣೆ ಇನ್ನೂ ಮುಗಿದಿಲ್ಲ. ಉಳಿದವರನ್ನು ನಾನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತೇನೆ. ಅಲ್ಲಿಯವರೆಗೆ ನೀವು ಯಾರ ಜೊತೆಗೂ...”

ಪಂಚಶೀಲಾ ಚೀಲ ಹೆಗಲಿಗೇರಿಸಿ, ಅವರು ಇನ್ನೂ ಮಾತಾಡುತ್ತಿರುವಾಗಲೇ, ಪಡಸಾಲೆಯ ಹುಡುಗಿಯರ ಕಡೆಗೆ ನಡೆದುಬಿಟ್ಟಳು.